ಯಂತ್ರಕ್ಕೆ ಅಕ್ಷರಾಭ್ಯಾಸ

'ಕನ್ನಡ' ಎಂಬ ಮೂರಕ್ಷರದ ಪದದೊಳಗೆ ಇಂಗ್ಲೆಂಡಿನ ಪೌಂಡು ನಾಣ್ಯದ ಚಿಹ್ನೆಯೊಂದು ಅಡಗಿ ಕುಳಿತಿದೆಯೆಂದರೆ ವಾಚಕ ಮಹಾಶಯರು ನಂಬಲಾರರು. ನಂಬದಿರುವುದು ನ್ಯಾಯವೇ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಸಿದ್ಧವಾದ ಕನ್ನಡ ಬರಹವೊಂದನ್ನು, ಅದಕ್ಕೆ ತಕ್ಕ ಅಕ್ಷರವಿನ್ಯಾಸವಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿರಿ. 'ಕನ್ನಡ' ಇರಬೇಕಾದೆಡೆಯಲ್ಲಿ ಮೊದಲಿಗೆ ಇಂಗ್ಲಿಷಿನ ದೊಡ್ಡ 'ಪಿ' ಕಾಣಿಸುವುದು. ಅದರ ಮಗ್ಗುಲಲ್ಲಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ, ಫ್ರೆಂಚರು ಬಳಸುವ 'ಎ'. ಅನಂತರ ಪೌಂಡಿನ ಚಿಹ್ನೆ. ಮತ್ತೊಮ್ಮೆ ಅದೇ ಗೀಟಿನ 'ಎ'. ಆಮೇಲೆ ಜರ್ಮನರು ಜೋಡಿ 'ಎಸ್'ಗೆ ಬದಲಾಗಿ ಬರೆಯುವ ವಿಚಿತ್ರಾಕ್ಷರ. ಕೊನೆಗೆ ಚಿಕ್ಕ 'ಕ್ಯು', ಅದರ ಬೆನ್ನಿಗೆ ಪುನಃ ಫ್ರೆಂಚರ 'ಎ'. ಎರಡು ಮಹಾಯುದ್ಧಗಳಲ್ಲಿ ಕಾದಾಡಿದ ರಾಷ್ಟ್ರಗಳೆಲ್ಲ ನಮ್ಮ ಭಾಷೆಯ ಹೆಸರಿನಲ್ಲಿ ಒಟ್ಟಿಗೆ ಪಂಕ್ತಿಭೋಜನಕ್ಕೆ ಕುಳಿತಂತೆ ತೋರುವುದು.

ಈ ವಿಚಿತ್ರದ ಒಳಮರ್ಮ ಅಷ್ಟೇನೂ ಜಟಿಲವಲ್ಲ. ಮೊಳೆ ಜೋಡಿಸುವ ಅಚ್ಚುಕೂಟಗಳನ್ನು ಕಂಡವರಿಗೆ ಅದು ಸುಲಭವಾಗಿ ತಿಳಿದೀತು. ಮೊಳೆಗಳ ಪೆಟ್ಟಿಗೆಯಲ್ಲಿ ಸಣ್ಣಸಣ್ಣ ಗೂಡುಗಳಿರುತ್ತವಷ್ಟೆ. ಗಣಕಯಂತ್ರದ ಪೆಟ್ಟಿಗೆಯನ್ನು ಮಾಡಿದವರು ಅಮೆರಿಕದವರು. ೧೯೬೩ರಲ್ಲಿ ಅವರು ಗೊತ್ತುಪಡಿಸಿದ 'ಆಸ್ಕಿ' ಎಂಬ ಸಂಕೇತಪಟ್ಟಿಯಲ್ಲಿ ಇದ್ದ ಗೂಡುಗಳು ೧೨೮ ಮಾತ್ರ. ಮುಂದೆ ಯುರೋಪಿನವರ ಗೀಟು ಚುಕ್ಕೆಗಳಿಗೂ ಎಡೆ ಮಾಡಿಕೊಡಲೋಸುಗ ಅದು ೨೫೬ಕ್ಕೆ ಬೆಳೆಯಿತು. ಗೂಡಿಗೊಂದು ಇಂಗ್ಲಿಷ್ ಚೀಟಿ ಅಂಟಿಸಿದ್ದರು. ನಮ್ಮವರು ಮಾಡಿದ್ದಿಷ್ಟೆ: ಚೀಟಿಗಳನ್ನು ಕೀಳದೆ, ಒಳಗಿದ್ದ ಮೊಳೆಗಳನ್ನು ಸುರಿದು, ಅಲ್ಲಿ ಕನ್ನಡದ ಮೊಳೆಗಳನ್ನು ತುಂಬಿದರು. 'ಪಿ' ಎಂಬ ಗೂಡಿನಲ್ಲಿ ತಲೆಕಟ್ಟಿಲ್ಲದ ಕಕಾರ. ಗೀಟಿನ 'ಎ' ಗೂಡಿನಲ್ಲಿ ಬರಿಯ ತಲೆಕಟ್ಟು. ಪೌಂಡಿನ ಗೂಡಿನಲ್ಲಿ ನಕಾರದ ಒಡಲು. ಜರ್ಮನರ ಗೂಡಿನಲ್ಲಿ ನಕಾರದ ಒತ್ತು. ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದ ಮನಸ್ಸಿನಲ್ಲಿರುವುದು ಪೌಂಡು! ಮೊಳೆಗಳಿದ್ದಷ್ಟು ದಿನ ಸಂಸಾರ ಸುಸೂತ್ರವಾಗಿ ನಡೆಯಿತು. ಮೊಳೆಗಳು ಕಾಣೆಯಾದ ದಿನ ಚೀಟಿಗಳು ಹೊರಬಿದ್ದವು.

ಇದನ್ನು ಮಾಡಿದವರನ್ನು ಹಳಿಯುವುದು ಸಲ್ಲದು. ಆಗ ಬೇರೆ ದಾರಿಯಿರಲಿಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಎಂಬ ಕನ್ನಡಿಗರು 'ಬರಹ' ಎಂಬ ತಂತ್ರಾಂಶವನ್ನು ಲೋಕಕ್ಕೆ ಕೊಟ್ಟಾಗ ದೂರದೇಶಗಳಲ್ಲಿದ್ದ ಕನ್ನಡಿಗರು ತಾಯಿಗೆ ತಾಯ್ನುಡಿಯಲ್ಲೇ ಕಾಗದ ಬರೆಯುವಂತಾಯಿತು. ಅದಾದ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಕಚೇರಿಗಳ ಮೇಜುಗಳನ್ನೆಲ್ಲ ಏರಿ ಕುಳಿತಿತು. ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ ಮೀನುಗಳ ನಡುವೆ ಬಿಡುವು ಮಾಡಿಕೊಂಡು, ಕನ್ನಡದ ತಂತ್ರಾಂಶವಿಲ್ಲದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲವೆಂದು ಸಾರಿ ಹೇಳಿದರು.

ಇವರೆಲ್ಲರ ಹಿಂದೆ ಕಿನ್ನಿಕಂಬಳ ಪದ್ಮನಾಭ ರಾಯರಿದ್ದರು, ಕೆ. ಪಿ. ರಾವ್ ಎಂದರೆ ಬಲ್ಲವರು ಹೆಚ್ಚು. ೧೯೪೦ರಲ್ಲಿ ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿದ ಇವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಅನಂತರ ಮುದ್ರಣದ ಉದ್ಯಮದಲ್ಲಿಯೂ ದುಡಿದವರು. ಆ ಸಂಸ್ಥೆಯ ಗಣಕಯಂತ್ರದ ನೆರವಿನಿಂದಲೇ ಐರಾವತಂ ಮಹಾದೇವನ್ ಅವರು ಸಿಂಧೂ ಮುದ್ರೆಗಳ ಲಿಪಿಚಿಹ್ನೆಗಳನ್ನೆಲ್ಲ ಎಣಿಸಿ, ವಿಂಗಡಿಸಿ, ೧೯೭೭ರಲ್ಲಿ ಬೃಹತ್ ಸೂಚಿಯನ್ನು ಪ್ರಕಟಿಸಿದರು. ಆ ಕಾರ್ಯದಲ್ಲಿ ರಾಯರ ಕೈಯೂ ಇದ್ದಿತು. ಯಾರೂ ಓದಲಾರದ ಲಿಪಿಯು ಗಣಕಯಂತ್ರಕ್ಕೆ ಹೊಕ್ಕಾಗ, ಕೋಟ್ಯಂತರ ಜನ ಓದುವ ಕನ್ನಡ ಇನ್ನೂ ಹೊಸ್ತಿಲಲ್ಲೇ ನಿಂತಿತ್ತೆಂಬುದನ್ನು ನೆನೆದರೆ ನಗು ಬರುವುದು.

ರಾಯರ ಕೀಲಿಮಣೆಯ ಜಾಣ್ಮೆ ನನಗೆ ಬಹು ಮೆಚ್ಚುಗೆಯಾದ ಸಂಗತಿ. ಹಳೆಯ ಕನ್ನಡ ಬೆರಳಚ್ಚುಯಂತ್ರವು ಅಕ್ಷರದ ಆಕಾರವನ್ನು ತುಂಡುತುಂಡಾಗಿ ಕುಟ್ಟುತ್ತಿತ್ತು. ರಾಯರು ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ವ್ಯಂಜನವೊಂದನ್ನು ಒತ್ತಿದರೆ ಅಕಾರ ತಾನಾಗಿ ಸೇರುವುದು. ಮಹಾಪ್ರಾಣ ಬೇಕಾದರೆ ಶಿಫ್ಟ್ ಕೀಲಿಯನ್ನು ಜೊತೆಗೆ ಅದುಮಿದರಾಯಿತು. ಒತ್ತಕ್ಷರಗಳ ಗತಿಯೇನು? ಕನ್ನಡಕ್ಕೆ ಸ್ವಂತ ಕೆಲಸವಿಲ್ಲದ 'ಎಫ್' ಎಂಬ ಕೀಲಿಗೆ ಅವರು ಕೊಂಡಿಯ ಉದ್ಯೋಗ ಕೊಟ್ಟರು. ಎರಡು ವ್ಯಂಜನಗಳ ನಡುವೆ 'ಎಫ್' ಬಿದ್ದರೆ ಎರಡನೆಯದು ಒತ್ತಾಗಿ ಕೆಳಗಿಳಿಯುವುದು. ದಕಾರವು 'ಡಿ' ಕೀಲಿಯನ್ನು ಆಕ್ರಮಿಸಿದ್ದರಿಂದ ಡಕಾರಕ್ಕೆ 'ಡಬ್ಲ್ಯು' ದೊರೆಯಿತು. ಹೀಗಾಗಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದೇ ಏಟುಗಳು ಸಾಕು. ಸರ್ಕಾರವು ಇದನ್ನೇ ಅಧಿಕೃತ ವಿನ್ಯಾಸವೆಂದು ಒಪ್ಪಿತು. ೨೦೧೩ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ರಾಯರಿಗೆ ನಾಡೋಜ ಪದವಿಯಿತ್ತು ಗೌರವಿಸಿತು. ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಅಮೆರಿಕದ ಮೇಧಾವಿಗಳ ಹೆಸರುಗಳನ್ನು ಉರುಹೊಡೆಯುವ ನನ್ನ ಸಹಪಾಠಿಗಳಲ್ಲಿ ಈ ಒಂದು ಹೆಸರನ್ನು ಕೇಳಿದವರು ಬೆರಳೆಣಿಕೆಯಷ್ಟೂ ಇಲ್ಲ.

ಪೌಂಡಿನ ವಿಷಯಕ್ಕೆ ಮರಳೋಣ. ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ನಿವೃತ್ತ ಕನ್ನಡ ಪಂಡಿತರೊಬ್ಬರಿದ್ದಾರೆ. ಊರೂರು ತಿರುಗಿ ಕೂಡಿಸಿದ ಗಾದೆಗಳನ್ನು ಅವರು ಹತ್ತಾರು ವರ್ಷ ತಾವೇ ಬೆರಳಚ್ಚಿಸಿ ಗಣಕಯಂತ್ರದಲ್ಲಿ ಇಟ್ಟಿದ್ದರು. ಹಳೆಯ ಯಂತ್ರ ಕೆಟ್ಟು, ಮೊಮ್ಮಗ ಹೊಸದನ್ನು ತಂದಾಗ ನಾನೂರು ಪುಟಗಳೂ ಒಮ್ಮೆಗೇ ಪರಂಗಿಯಾದವು. ಆ ಸಂಜೆ ನನಗೆ ಕರೆ ಬಂದಿತು.

"ಏನಪ್ಪಾ, ನನ್ನ ಗಾದೆಗಳನ್ನೆಲ್ಲ ಇಂಗ್ಲಿಷಿನವರು ಕೊಳ್ಳೆಹೊಡೆದರಲ್ಲ!" ಎಂದರು. ನಗುತ್ತಲೇ ಅಂದರಾದರೂ ಕೈ ನಡುಗುತ್ತಿತ್ತು.

"ಎಲ್ಲಿಗೂ ಹೋಗಿಲ್ಲ, ಮೇಷ್ಟ್ರೇ. ವೇಷ ಹಾಕಿಕೊಂಡಿವೆ ಅಷ್ಟೆ," ಎಂದೆ.

ಹಳೆಯ ಸಂಕೇತವನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡಾಭಿಮಾನಿಗಳಾದ ತಂತ್ರಜ್ಞರು ಬರೆದು ಧರ್ಮಾರ್ಥವಾಗಿ ಹಂಚಿದ್ದಾರೆ. ಅದರಿಂದ ಬಹುಭಾಗ ಕ್ಷಣಮಾತ್ರದಲ್ಲಿ ಕನ್ನಡಕ್ಕೆ ಮರಳಿತು. ಪರಿವರ್ತಕದ ಕೆಲಸ ಬರಿಯ ಚೀಟಿ ಬದಲಿಸುವುದಲ್ಲವೆಂಬುದನ್ನು ನಾನು ಆಗ ಗಮನಿಸಿದೆನು. ಅರ್ಕಾವೊತ್ತನ್ನೇ ನೋಡಿರಿ. 'ಸೂರ್ಯ' ಎನ್ನುವಾಗ ನಾಲಗೆ ಮೊದಲು ರೇಫವನ್ನು ನುಡಿಯುವುದು. ಕೈ ಮಾತ್ರ ಯಕಾರವನ್ನು ಬರೆದು ಅದರ ಬಲಕ್ಕೆ ಕೊಕ್ಕೆ ಹಾಕುವುದು. ಹಳೆಯ ಅಕ್ಷರವಿನ್ಯಾಸಗಳು ಕೈಯ ಕ್ರಮದವು. ಹೊಸ ಸಂಕೇತ ನಾಲಗೆಯ ಕ್ರಮದ್ದು. ಆದುದರಿಂದ ಪರಿವರ್ತಕವು ಒಂದೊಂದು ಕೊಕ್ಕೆಯನ್ನೂ ಹಿಡಿದೆತ್ತಿ ಹಿಂದಿನ ಸ್ಥಾನಕ್ಕೆ ಒಯ್ದು ಕೂರಿಸಬೇಕು.

ನಲವತ್ತು ಪುಟಗಳು ಮಾತ್ರ ಬಗ್ಗಲಿಲ್ಲ. ಅವನ್ನು ಮೇಷ್ಟ್ರು ಬೇರಾವುದೋ ತಂತ್ರಾಂಶದಲ್ಲಿ ಬರೆದಿದ್ದರು. ಅದರ ಹೆಸರು ಅವರಿಗೆ ನೆನಪಿರಲಿಲ್ಲ, ಗೂಡುಗಳ ಹಂಚಿಕೆಯೂ ಎಲ್ಲಿಯೂ ದೊರೆಯಲಿಲ್ಲ. ಹೀಗಿರುವಾಗ ನಮ್ಮ ನೆರವಿಗೆ ಬಂದದ್ದು ಸಿಂಧೂ ಲಿಪಿಯವರ ಉಪಾಯವೇ: ಎಣಿಸುವುದು. ಅತ್ಯಂತ ಹೆಚ್ಚು ಸಲ ಬರುವ ಚಿಹ್ನೆ ತಲೆಕಟ್ಟೇ ಇರಬೇಕು. ಗಾದೆಗಳು ಅಕಾರಾದಿಯಾಗಿದ್ದುವು, ಕಾಣೆಯಾದದ್ದು ಹಕಾರದ ಭಾಗ. ಅಂದರೆ ಪ್ರತಿ ಸಾಲಿನ ಮೊದಲ ಚಿಹ್ನೆ ಹಕಾರ. 'ಹಾಸಿಗೆ ಇದ್ದಷ್ಟು ಕಾಲು ಚಾಚು', 'ಹಿತ್ತಲ ಗಿಡ ಮದ್ದಲ್ಲ' ಎಂಬಂಥ ಗಾದೆಗಳನ್ನು ಮೇಷ್ಟ್ರು ಬಾಯಿಂದ ಹೇಳುವುದು, ಆ ಉದ್ದದ ಸಾಲು ಎಲ್ಲಿದೆಯೆಂದು ನಾನು ಹುಡುಕುವುದು, ಸಿಕ್ಕಿದ ಒಡನೆ ಏಳೆಂಟು ಚಿಹ್ನೆಗಳ ಗುಟ್ಟು ಬಯಲಾಗುವುದು. ಮೂರು ಸಂಜೆಗಳಲ್ಲಿ, ನಾಲ್ಕಾರು ಪದಗಳನ್ನುಳಿದು, ನಲವತ್ತು ಪುಟಗಳೂ ಬಿಡಿಸಿದವು. ಶಾಸನತಜ್ಞರಿಗೆ ಸಾವಿರ ವರ್ಷದ ಹಿಂದಿನ ಕಲ್ಲು ಒಡ್ಡುವ ಪರೀಕ್ಷೆಯನ್ನು ನಮಗೆ ಇಪ್ಪತ್ತು ವರ್ಷದ ಹಿಂದಿನ ಯಂತ್ರ ಒಡ್ಡಿತ್ತು. ಕಲ್ಲಿನ ಮೇಲೆ ಅಕ್ಷರವಾದರೂ ಇರುತ್ತದೆ, ಇಲ್ಲಿದ್ದುದು ಪೌಂಡು. ಗಾದೆ ಬಲ್ಲ ಮೇಷ್ಟ್ರು ಎದುರಿಗೆ ಕುಳಿತಿಲ್ಲದಿದ್ದರೆ ಆ ಪುಟಗಳನ್ನು ಬಿಡಿಸಲು ನಮಗೆ ಹಿಡಿದೆಳೆಯುವ ಎಳೆಯೇ ಇರುತ್ತಿರಲಿಲ್ಲ. ಸಂಘಸಂಸ್ಥೆಗಳ ಬೀರುಗಳಲ್ಲಿ, ಅಚ್ಚುಕೂಟಗಳ ಮೂಲೆಗಳಲ್ಲಿ, ಲೇಖಕರ ಮನೆಗಳಲ್ಲಿ ಇಂಥ ಎಷ್ಟು ಬರಹಗಳು ಪರಂಗಿ ವೇಷದಲ್ಲಿ ಬಿದ್ದಿವೆಯೋ! ತಾಳೆಗರಿಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ.

ಹೊಸ ಸಂಕೇತವೆಂದೆನಲ್ಲವೆ? ಅದರ ಹೆಸರು ಯೂನಿಕೋಡ್. ೧೯೯೧ರಲ್ಲಿ ಅದರ ಮೊದಲ ಆವೃತ್ತಿ ಹೊರಬಂದಾಗಲೇ ಕನ್ನಡಕ್ಕೆ ಅದರಲ್ಲಿ ಎಡೆಯಿತ್ತು. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಗೂಡುಗಳು. ಕನ್ನಡದ ಪಾಲಿಗೆ ೧೨೮. ಇನ್ನು ಪೌಂಡು ಪೌಂಡೇ, ನಕಾರ ನಕಾರವೇ. ಹಾಗೆಂದ ಮಾತ್ರಕ್ಕೆ ತಮಾಷೆ ಮುಗಿಯಿತೆಂದು ಭಾವಿಸಬೇಡಿರಿ. ಈ ವ್ಯವಸ್ಥೆಯಲ್ಲಿ ಅದೃಶ್ಯಾಕ್ಷರಗಳೆಂಬ ಒಂದು ಜಾತಿಯಿದೆ. ಅವುಗಳ ಅಗಲ ಶೂನ್ಯ, ಆಕಾರ ಶೂನ್ಯ, ಉಚ್ಚಾರಣೆಯೂ ಶೂನ್ಯ. ಒಂದು ಕೂಡಿಸುವಂಥದು, ಇನ್ನೊಂದು ಅಗಲಿಸುವಂಥದು. ಅತ್ತೆಯ ಮನೆಯ ಇಬ್ಬರು ನಾದಿನಿಯರಿದ್ದಂತೆ.

ವಿದ್ಯಾರ್ಥಿಗಳಿಗೆ ಪ್ರಾಣಸಮಾನವಾದ 'ರ‍್ಯಾಂಕ್' ಎಂಬ ಮಾತನ್ನೇ ತೆಗೆದುಕೊಳ್ಳಿರಿ. ಇದನ್ನು ರಕಾರದ ಕೆಳಗೆ ಯಕಾರದ ಒತ್ತಿಟ್ಟು ಬರೆಯುತ್ತೇವೆ. ಆದರೆ ರಕಾರದ ಮುಂದೆ ವ್ಯಂಜನವನ್ನು ಕಂಡೊಡನೆ ಯಂತ್ರವು ವ್ಯಾಕರಣದ ವಿಧೇಯ ಶಿಷ್ಯನಂತೆ ಅರ್ಕಾವೊತ್ತನ್ನು ಹಾಕಿ 'ರ್ಯಾಂಕ್' ಎಂದು ಮಾಡಿಬಿಡುವುದು. ಹಾಗಾಗದಿರಲು ನಡುವೆ ಕೂಡಿಸುವ ಅದೃಶ್ಯಾಕ್ಷರವನ್ನು ತುರುಕಬೇಕು. 'ರಾಜ್‌ಕುಮಾರ್' ಎಂದು ಬರೆಯುವಾಗ ಇದಕ್ಕೆ ವ್ಯತಿರಿಕ್ತ: ಅಗಲಿಸುವ ಅದೃಶ್ಯಾಕ್ಷರವಿಲ್ಲದಿದ್ದರೆ ಕಕಾರವು ಜಕಾರದ ಕಾಲಿಗೆ ಬಿದ್ದು 'ರಾಜ್ಕುಮಾರ್' ಆಗುವುದು. ಕಣ್ಣಿಗೆ ಕಾಣದ ಅಕ್ಷರವಾದರೂ ಹುಡುಕುವಾಗ ಯಂತ್ರವು ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಆಗ ವರನಟರನ್ನು ಒಂದು ಬಗೆಯಲ್ಲಿ ಬರೆದಿಟ್ಟು ಇನ್ನೊಂದು ಬಗೆಯಲ್ಲಿ ಹುಡುಕಿದವನಿಗೆ ಅಂಥವರೊಬ್ಬರು ಇರಲೇ ಇಲ್ಲವೆಂಬ ಉತ್ತರ ಬರುವುದು.

೨೦೧೮ರ ಫೆಬ್ರವರಿಯಲ್ಲಿ ಇಂಥದೊಂದು ಅದೃಶ್ಯಾಕ್ಷರವು ಜಗತ್ತನ್ನೇ ಬೆಚ್ಚಿಬೀಳಿಸಿತು. ನಮ್ಮ ಸೋದರ ಲಿಪಿಯಾದ ತೆಲುಗಿನಲ್ಲಿ 'ಜ್ಞಾ' ಎಂಬ ಅಕ್ಷರದ ನಡುವೆ ಅಗಲಿಸುವ ನಾದಿನಿ ಸೇರಿಕೊಂಡರೆ, ಅದನ್ನು ತೆರೆದ ಐಫೋನುಗಳಲ್ಲಿ ಆ ಸಂದೇಶದ ಕಾರ್ಯಕ್ರಮವೇ ಮೂರ್ಛೆ ಹೋಗುತ್ತಿತ್ತು. ಸಾವಿರಾರು ರೂಪಾಯಿ ತೆತ್ತು ಕೊಂಡ ಯಂತ್ರವು ಜ್ಞಾನದ ಮೊದಲನೆಯ ಅಕ್ಷರವನ್ನು ನೋಡಲಾರದೆ ಕುಸಿದದ್ದು! ಆಪಲ್ ಕಂಪನಿಯವರು ಆ ತಿಂಗಳೇ ಔಷಧಿ ಕೊಟ್ಟು ಎಬ್ಬಿಸಿದರೆನ್ನಿ.

ಬಸವನಗುಡಿಯ ಕಡಲೆಕಾಯಿ ಪರಿಷೆಯ ಕಾಲದಲ್ಲಿ ಬೀದಿಗೆ ಅಡ್ಡಲಾಗಿ ಕಟ್ಟಿದ ಫಲಕವೊಂದರಲ್ಲಿ, ಪದದ ನಡುವೆ ಚುಕ್ಕಿಚುಕ್ಕಿಯ ಉಂಗುರವೊಂದನ್ನು ಕಂಡೆನು. ನೋಡಿದವರು ಕಡಲೆಕಾಯಿಯ ಚಿತ್ರವೆಂದೇ ತಿಳಿದಿರಬೇಕು. ಅದು ಯಂತ್ರದ ಆಕ್ಷೇಪಣೆ. ಕೊಂಬೋ ಇಳಿಯೋ ತನ್ನ ವ್ಯಂಜನವನ್ನು ಕಳೆದುಕೊಂಡು ಅನಾಥವಾಗಿ ಬಂದಾಗ, 'ಇದರ ಒಡೆಯ ಯಾರು?' ಎಂದು ಯಂತ್ರವು ಆ ಚುಕ್ಕಿಯ ಉಂಗುರವನ್ನು ತೋರಿಸುವುದು. ಫಲಕದವನು ಅದನ್ನೂ ಅಂದವಾಗಿ ಮುದ್ರಿಸಿ ತೂಗುಹಾಕಿದ್ದನು. ಸೊನ್ನೆಯ ಗೊಂದಲವೂ ಹೀಗೆಯೇ. ಕನ್ನಡದ ಅನುಸ್ವಾರವೂ ಸೊನ್ನೆಯ ಅಂಕಿಯೂ ಒಂದೇ ಅಚ್ಚಿನವು. ಅರ್ಕಾವೊತ್ತು ಮತ್ತು ೯ ಅವಳಿಜವಳಿಗಳು. ಮನುಷ್ಯರು ಪ್ರಸಂಗ ನೋಡಿ ತಿಳಿದುಕೊಳ್ಳುತ್ತಾರೆ. ಅವಸರದಲ್ಲಿ ಅನುಸ್ವಾರದ ಬದಲು ಅಂಕಿಯನ್ನು ಒತ್ತಿದರೆ ಯಂತ್ರಕ್ಕೆ ಅದು ಲೆಕ್ಕವೇ ಹೊರತು ಅಕ್ಷರವಲ್ಲ.

ಯಂತ್ರದ ಈ ಮೊದ್ದುತನಕ್ಕೆ ನಾವು ನಗುವ ಮೊದಲು ನಮ್ಮ ಪಂಚಾಂಗವನ್ನೊಮ್ಮೆ ನೆನೆಯುವುದು ಒಳ್ಳೆಯದು. ಗಣಕಯಂತ್ರಗಳು ಜಾಗ ಉಳಿಸಲೆಂದು ಇಸವಿಯ ಕೊನೆಯ ಎರಡೇ ಅಂಕಿಗಳನ್ನು ಬರೆದಿಟ್ಟು, ೨೦೦೦ ಬಂದಾಗ ಅದನ್ನು ೧೯೦೦ ಎಂದು ಬಗೆಯುವ ಭೀತಿಯುಂಟಾಗಿ, ಅದನ್ನು ಸರಿಪಡಿಸುವ ಕೆಲಸದಿಂದ ಬೆಂಗಳೂರಿನ ಎಷ್ಟೋ ಕಂಪನಿಗಳು ಮೈತುಂಬಿಕೊಂಡ ಕಥೆ ಎಲ್ಲರಿಗೂ ತಿಳಿದದ್ದೇ. ನಮ್ಮ ಹಿರಿಯರ ಪದ್ಧತಿಯೂ ಅದಕ್ಕೇನೂ ಕಡಿಮೆಯದಲ್ಲ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು. ಅರವತ್ತೊಂದನೆಯದು ಪುನಃ ಪ್ರಭವ. ಶಕವರ್ಷವನ್ನು ಹೇಳದೆ ಸಂವತ್ಸರವನ್ನಷ್ಟೇ ಕೆತ್ತಿದ ಶಾಸನ ಸಿಕ್ಕಿದರೆ, ಅದು ಯಾವ ಸುತ್ತಿನದೆಂದು ನಿರ್ಧರಿಸಲು ಸಂಶೋಧಕರು ಲಿಪಿಯ ಸೊಟ್ಟವನ್ನೂ ಅರಸರ ಹೆಸರನ್ನೂ ಹಿಡಿದು ಹೆಣಗಾಡಬೇಕು. ೨೦೦೦ದ ಜನವರಿ ಒಂದರಂದು ನಡೆಯುತ್ತಿದ್ದ ಸಂವತ್ಸರದ ಹೆಸರು ಪ್ರಮಾಥಿ. ಕಡೆದು ಕಾಡುವವನೆಂದು ಅದರ ಅರ್ಥ!

ಕೊನೆಯದಾಗಿ, ನನಗೆ ನಗುವೂ ವ್ಯಥೆಯೂ ಒಟ್ಟಿಗೆ ಬರುವ ಸಂಗತಿಯೊಂದಿದೆ. ಹಳಗನ್ನಡದಲ್ಲಿ ೞಕಾರವೆಂಬ ಅಕ್ಷರವಿದ್ದುದು ವಾಚಕರಿಗೆ ಗೊತ್ತು. ಬಾಳೆ ಆಗ ಬಾೞೆ, ಕೋಳಿ ಕೋೞಿ, ಏಳು ಏೞು. ತಮಿಳರು ಮಲೆಯಾಳರು ಇಂದಿಗೂ ಅದನ್ನು ಬರೆಯುತ್ತಾರೆ. ನಮ್ಮಲ್ಲಿ ಅದು ಳಕಾರದಲ್ಲಿ ಲೀನವಾಯಿತು, ಆದರೂ ಸುಳಿವು ಬಿಟ್ಟುಹೋಯಿತು: 'ಕೇಳು' ಎಂಬುದು 'ಕೇಳಿ' ಆಗುವಾಗ 'ಬೀಳು' ಮಾತ್ರ 'ಬಿದ್ದು' ಏಕಾಗಬೇಕು? ಅದು ಮೊದಲು 'ಬಿೞ್ದು' ಆಗಿದ್ದುದರಿಂದ. 'ಎದ್ದು' ಎಂಬುದರ ಕಥೆಯೂ ಇದೇ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ಬರೆದ ಕೇಶಿರಾಜನು ಇದನ್ನು ರಳವೆಂದು ಕರೆದು, ಅದು ಯಾವ ಯಾವ ಶಬ್ದಗಳಲ್ಲಿ ಬರುವುದೆಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಆ ವೇಳೆಗೇ ಜನ ಅದನ್ನು ಮರೆಯತೊಡಗಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ತಪ್ಪಿಹೋಗುವ ಹಸುವಿಗೆ ತಾನೆ ಗಂಟೆ ಕಟ್ಟುವುದು?

ಯೂನಿಕೋಡಿನವರು ಈ ಪ್ರಾಚೀನಾಕ್ಷರಕ್ಕೂ ಒಂದು ಗೂಡು ಕೊಟ್ಟರು. ಅದು ಅವರ ಸೌಜನ್ಯ. ಆದರೆ ಅದರ ಮೇಲಿನ ಚೀಟಿಯಲ್ಲಿ ಬರೆದ ಹೆಸರೇನು ಬಲ್ಲಿರಾ? ಇಂಗ್ಲಿಷಿನಲ್ಲಿ ಎಫ್, ಎ: 'ಕನ್ನಡದ ಫ಼ ಅಕ್ಷರ' ಎಂದು! ಫ್ಯಾನು, ಫೋನುಗಳ ಜೊತೆಯಲ್ಲಿ ಮೊನ್ನೆ ಮೊನ್ನೆ ಕನ್ನಡಕ್ಕೆ ಬಂದ ಶಬ್ದದ ಹೆಸರನ್ನು ಕೇಶಿರಾಜನ ರಳಕ್ಕೆ ಅಂಟಿಸಿದ್ದಾರೆ. ತಿದ್ದಬಾರದೆ ಎಂದರೆ, ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸುವಂತಿಲ್ಲವೆಂಬುದು ಅವರ ಶಾಸನ. ಹೆಸರನ್ನು ನೆಚ್ಚಿಕೊಂಡ ತಂತ್ರಾಂಶಗಳು ಎಡವಬಾರದೆಂಬುದು ಅದರ ಕಾರಣ. ಆ ಕಾರಣ ಯುಕ್ತವಾದುದೆಂದೇ ನನ್ನ ಅಭಿಪ್ರಾಯ. ಇಂಗ್ಲಿಷರಿಗೂ ಅವರು ರಿಯಾಯಿತಿ ತೋರಿಸಿಲ್ಲ: ಒಂದು ಬಗೆಯ ಆವರಣ ಚಿಹ್ನೆಯ ಹೆಸರಿನಲ್ಲಿ 'ಬ್ರ್ಯಾಕೆಟ್' ಎಂಬ ಪದದ ಸಿ, ಕೆ ಅಕ್ಷರಗಳು ಹಿಂದುಮುಂದಾಗಿ ಬಿದ್ದು, ಹಾಗೆಯೇ ಶಾಶ್ವತವಾಗಿ ಉಳಿದಿವೆ. ೞಕಾರದ ವಿಷಯದಲ್ಲಿ, ಹೆಸರು ತಪ್ಪೆಂದು ಪಕ್ಕದಲ್ಲಿ ಟಿಪ್ಪಣಿ ಬರೆದು, ಸರಿಯಾದ ಹೆಸರನ್ನು ಉಪನಾಮವೆಂದು ಸೇರಿಸಿದ್ದಾರೆ.

ಇದನ್ನು ನಮ್ಮ ಮೇಷ್ಟ್ರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಪಟ್ಟಿಯನ್ನು ತೋರಿಸಪ್ಪಾ," ಎಂದರು. ತೋರಿಸಿದೆ. ಭಾರತದ ಲಿಪಿಗಳನ್ನೆಲ್ಲ ಆ ಗ್ರಂಥದಲ್ಲಿ ಸಮಾನಾಂತರವಾಗಿ ಸಾಲುಗೊಳಿಸಿದ್ದಾರೆ; ಒಂದರಲ್ಲಿ ಕಕಾರವಿರುವ ಎಡೆಯಲ್ಲೇ ಇನ್ನೊಂದರಲ್ಲಿಯೂ ಕಕಾರ. ಳಕಾರದ ಮುಂದಿನ ಸ್ಥಾನದಲ್ಲಿ ತಮಿಳಿನ ೞಕಾರವಿದೆ, ಮಲೆಯಾಳದ್ದಿದೆ. ೨೦೧೪ರಲ್ಲಿ ತೆಲುಗಿನ ಪುರಾತನ ೞಕಾರವೂ ಬಂದು ಅದೇ ಸ್ಥಾನದಲ್ಲಿ ಕುಳಿತಿತು. ಕನ್ನಡದ ಸಾಲಿನಲ್ಲಿ ಮಾತ್ರ ಆ ಸ್ಥಾನ ಖಾಲಿ. ನಮ್ಮದು ನಾಲ್ಕು ಹತ್ತು ಮನೆಗಳಾಚೆ ಒಂಟಿಯಾಗಿ, ಅನ್ಯನಾಮವನ್ನು ಹೊತ್ತು ಕುಳಿತಿದೆ. ೨೦೨೧ರಲ್ಲಿ ಅದರ ಪಕ್ಕದ ಗೂಡಿಗೆ ಇನ್ನೊಂದು ಹಳಗನ್ನಡದ ಚಿಹ್ನೆಯಾದ ನಕಾರಪೊಲ್ಲು ಬಂದು ಸೇರಿಕೊಂಡಿತು. ಅದರ ಚೀಟಿಯನ್ನು ಮೇಷ್ಟ್ರು ಕನ್ನಡಕವೇರಿಸಿ ಎರಡೆರಡು ಸಲ ಓದಿದರು. ಹೆಸರು ಸರಿಯಾಗಿಯೇ ಇದ್ದಿತು.